ಇಲಿಮರಿಯ ಮೀಸೆ ಮತ್ತು ಒಂದು ಮಾತ್ರೆ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದು ಮೂವತ್ತು ನಿಮಿಷ. ಪರಿಚಯ, ಹಾರ, ಶಾಲಿಗೇ ಹತ್ತು ನಿಮಿಷ ಹೋಯ್ತು. ಇರಲಿ.

ಕಳೆದ ವಾರ ನಮ್ಮ ಬಳಗದ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ‘ಖಿನ್ನತೆಯ ಮಾತ್ರೆ ಮೆದುಳನ್ನು ಹಾಳು ಮಾಡುತ್ತದೆ, ಇಲಿಗಳ ಮೇಲೆ ಸಾಬೀತಾಗಿದೆ’ ಅಂತ. ಕಳಿಸಿದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ‘ಚಿಕ್ಕಪ್ಪಾ, ಆ ಇಲಿಗೆ ವಯಸ್ಸೆಷ್ಟು?’ ‘ಇಲಿಗೆಂಥಾ ವಯಸ್ಸೋ ಮಾರಾಯ!’ ಅಂದರು. ಇವತ್ತಿನ ನನ್ನ ಮಾತೆಲ್ಲ ಆ ವಯಸ್ಸಿನ ಮೇಲೆಯೇ.

ಸೆರೊಟೋನಿನ್ ಅಂದರೆ ಖುಷಿಯ ರಾಸಾಯನಿಕ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ನಮ್ಮ ಮೈಯಲ್ಲಿ ಅದರ ಬಹುಪಾಲು ಇರುವುದು ಕರುಳಿನಲ್ಲಿ. ಖುಷಿ ಹೊಟ್ಟೆಯಲ್ಲಿದೆ ಅಂದರೆ ಅಡುಗೆ ಭಟ್ಟರು ಒಪ್ಪುತ್ತಾರೆ ಬಿಡಿ! ಬೆಳೆದವರ ಮೆದುಳಿನಲ್ಲಿ ಅದು ನರದಿಂದ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಮರಿಯ ಮೆದುಳಿನಲ್ಲಿ ಮಾತ್ರ ಅದಕ್ಕೆ ಇನ್ನೊಂದು ಕೆಲಸ, ಮೇಸ್ತ್ರಿ ಕೆಲಸ. ಯಾವ ನರ ಎಲ್ಲಿಗೆ ಹೋಗಬೇಕು, ಎಲ್ಲಿ ಕವಲೊಡೆಯಬೇಕು ಅನ್ನುವುದರಲ್ಲಿ ಅದರ ಕೈಯಿದೆ. ಖಿನ್ನತೆಗೆ ಕೊಡುವ ಫ್ಲುವೊಕ್ಸೆಟಿನ್ ಮಾತ್ರೆ, ಅಂದರೆ ಪ್ರೋಜಾಕ್, ಸೆರೊಟೋನಿನ್ ವಾಪಸ್ ನರದ ಒಳಗೆ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಹೊರಗೆ ಜಾಸ್ತಿ ಉಳಿಯುತ್ತದೆ. ಕಟ್ಟಿ ಮುಗಿದ ಮನೆಯಲ್ಲಿ ಮೇಸ್ತ್ರಿ ಎರಡು ದಿನ ಹೆಚ್ಚು ಉಳಿದರೆ ಏನು, ನಾಲ್ಕು ಕಾಫಿ ಖರ್ಚು. ತಳಪಾಯ ಹಾಕುವಾಗಲೇ ಹತ್ತು ಮೇಸ್ತ್ರಿಗಳು ಬಂದು ನಿಂತರೆ? ಮನೆ ಕಟ್ಟಿಸಿದವರು ನಗ್ತಾ ಇದ್ದೀರಿ.

ಈಗ ನನ್ನ ಮೆಚ್ಚಿನ ಕಥೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಕ್ಷಮಿಸಿ.

ಇಲಿ ಕತ್ತಲಲ್ಲಿ ಮೀಸೆಯಿಂದಲೇ ತಡವಿ ದಾರಿ ಹುಡುಕುತ್ತದೆ. ಮೆದುಳಿನ ಹೊರಪದರದಲ್ಲಿ ಒಂದೊಂದು ಮೀಸೆಗೂ ಪೀಪಾಯಿ ಆಕಾರದ ಒಂದೊಂದು ಗುಂಪು ಜೀವಕೋಶ. 1970ರಲ್ಲಿ ವೂಲ್ಸಿ ಮತ್ತು ವಾನ್ ಡೆರ್ ಲೂಸ್ ಅನ್ನುವ ಇಬ್ಬರು ವಿಜ್ಞಾನಿಗಳು ಇವಕ್ಕೆ ‘ಬ್ಯಾರೆಲ್’ ಅಂದರು. ಮೂತಿಯ ಮೇಲೆ ಮೀಸೆ ಹೇಗೆ ಸಾಲಾಗಿದೆಯೋ ಒಳಗೆ ಬ್ಯಾರೆಲ್ಲೂ ಹಾಗೇ, ಮದುವೆ ಮನೆಯ ಪಂಕ್ತಿ ಥರ. ಫ್ರಾನ್ಸಿನಲ್ಲಿ ಒಲಿವಿಯೆ ಕಾಸ್, ಇಸಬೆಲ್ ಸೀಫ್ ಮತ್ತು ಜೊತೆಗಾರರು ಇಲಿಗೆ ಇಂಟರ್‌ಫೆರಾನ್, ಅಂದರೆ ವೈರಸ್ ಎದುರಿಸಲು ಮೈ ತಯಾರಿಸುವ ಒಂದು ಪ್ರೋಟೀನು, ಅದರ ಜೀನ್ ಸೇರಿಸಲು ಹೊರಟರು. ಅದು ಹೋಗಿ ಕೂತದ್ದು ಬೇರೊಂದು ಜೀನಿನ ನಡುವೆ. ಸೆರೊಟೋನಿನ್ ಒಡೆದು ಕಸ ಗುಡಿಸುವ ಕಿಣ್ವದ ಜೀನ್ ಅದು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು. ಮರಿಗಳ ಮೆದುಳಿನಲ್ಲಿ ಸೆರೊಟೋನಿನ್ ವಿಪರೀತ ಏರಿತು. ಬೆಳೆದ ಗಂಡುಗಳು ಜಗಳಗಂಟರಾದವು. ಇದು ಪ್ರಕಟವಾದದ್ದು 1995ರಲ್ಲಿ. ಮರುವರ್ಷದ ವರದಿ ಇನ್ನೂ ವಿಚಿತ್ರ. ಮೆದುಳಿನಲ್ಲಿ ಬ್ಯಾರೆಲ್ಲುಗಳೇ ಇಲ್ಲ! ಊಟಕ್ಕೆ ಬಂದವರಿದ್ದಾರೆ, ಪಂಕ್ತಿಯೇ ಕೂತಿಲ್ಲ. ಹುಟ್ಟಿದ ಮೊದಲ ಕೆಲವೇ ದಿನ ಸೆರೊಟೋನಿನ್ ತಯಾರಾಗದಂತೆ ತಡೆದರು ನೋಡಿ, ಬ್ಯಾರೆಲ್ಲು ಮೂಡಿದವು. ಕೆಲವೇ ದಿನ! ಚಿಕ್ಕಪ್ಪ, ವಯಸ್ಸೆಷ್ಟು?

ಸರಿ, ಮಾತ್ರೆಗೆ ಬರೋಣ. 2004ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಅನ್ಸೋರ್ಜ್, ಜೇ ಗಿಂಗ್ರಿಚ್ ಮತ್ತಿತರರು ಮರಿಗಳಿಗೆ ಹುಟ್ಟಿದ 4ನೇ ದಿನದಿಂದ 21ನೇ ದಿನದವರೆಗೆ ಫ್ಲುವೊಕ್ಸೆಟಿನ್ ಕೊಟ್ಟು ನಿಲ್ಲಿಸಿದರು. ಅವು ದೊಡ್ಡವಾದ ಮೇಲೆ ಹೊಸ ಜಾಗದಲ್ಲಿ ಓಡಾಡಲು ಹಿಂಜರಿದವು. ತಿಂಡಿ ಎದುರಿಗಿದ್ದರೂ ಬಾಯಿ ಹಾಕಲು ಹೊತ್ತು ಹಿಡಿಯಿತು. ಅಳುಕು ಕಳೆಯಲು ಕೊಡುವ ಮಾತ್ರೆಯೇ ಅಳುಕು ತಂದಿತು, ಅಲ್ವಾ! ಆ ಸೂಕ್ಷ್ಮ ಕಾಲ 2ರಿಂದ 11ನೇ ದಿನದೊಳಗಿದೆ ಅಂತ 2014ರಲ್ಲಿ ಇದೇ ಬಳಗದವರು ತೋರಿಸಿದರು. ಅದೇ ವರ್ಷ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ ಮರಿಗಳಿಗೆ ಫ್ಲುವೊಕ್ಸೆಟಿನ್ ಜೊತೆಗೇ ಒಂದು ಬಗೆಯ ಸೆರೊಟೋನಿನ್ ಗ್ರಾಹಕಕ್ಕೂ, ಅಂದರೆ ಅದರ ಸುದ್ದಿಯನ್ನು ನರದ ಮೇಲೆ ಹಿಡಿದುಕೊಳ್ಳುವ ಕೊಂಡಿಗೂ, ತಡೆ ಹಾಕಿತು. ಮುಂದೆ ಬರಬೇಕಿದ್ದ ಆತಂಕ ಬರಲಿಲ್ಲ. ಅಂದಹಾಗೆ ಅಲ್ಲಿಯದು ರ‍್ಯಾಟ್, ನ್ಯೂಯಾರ್ಕಿನದು ಮೌಸ್. ಕನ್ನಡದಲ್ಲಿ ನಾವು ಎರಡನ್ನೂ ಇಲಿ ಅಂದು ಮುಗಿಸುತ್ತೇವೆ.

ಚೀಟಿ ಬಂತು. ಐದು ನಿಮಿಷವಂತೆ. ಮೂಳೆಯ ವಿಷಯ ಹಾಗಾದರೆ ಓಡುತ್ತಲೇ ಹೇಳುತ್ತೇನೆ. ಬೆಳೆಯುವ ಇಲಿಗಳಿಗೆ ಫ್ಲುವೊಕ್ಸೆಟಿನ್ ಕೊಟ್ಟಾಗ ಮೂಳೆಗೆ ಖನಿಜ ಸೇರುವುದು ಕಡಿಮೆಯಾಯಿತು ಅಂತ 2005ರಲ್ಲಿ ವರದಿಯಾಯಿತು. ಮಕ್ಕಳ ಒಂದು ಪ್ರಯೋಗದಲ್ಲಿ 19 ವಾರ ಈ ಮಾತ್ರೆ ತಿಂದವರು, ಬರೀ ಪೊಳ್ಳು ಮಾತ್ರೆ ತಿಂದವರಿಗಿಂತ ಸರಾಸರಿ 1.1 ಸೆಂಟಿಮೀಟರ್ ಕಡಿಮೆ ಬೆಳೆದರು. ಇದು ಅಮೆರಿಕದಲ್ಲಿ ಔಷಧಿಯ ಮಾಹಿತಿ ಪತ್ರದಲ್ಲೇ ಇದೆ, ಯಾರೂ ಮುಚ್ಚಿಟ್ಟಿಲ್ಲ. ಅದಕ್ಕೇ ಮಕ್ಕಳಿಗೆ ಕೊಡುವಾಗ ಎತ್ತರ, ತೂಕ ನೋಡುತ್ತಾ ಇರಿ ಅನ್ನುತ್ತಾರೆ.

ಗರ್ಭಿಣಿಯರ ಮಾತು ಬೇರೆ. ನ್ಯೂಯಾರ್ಕಿನಲ್ಲಿ ಔಷಧಿ ಕೊಟ್ಟಿದ್ದು ನೇರ ಮರಿಗೇ, ಅದರ ತಾಯಿಗೆ ಖಿನ್ನತೆ ಇರಲಿಲ್ಲ. ಮನುಷ್ಯರಲ್ಲಿ ತಾಯಿಯ ಖಿನ್ನತೆಯೇ ಮಗುವನ್ನು ತಟ್ಟುತ್ತದೆ. ಎರಡನ್ನೂ ತೂಗಬೇಕು.

ಇಷ್ಟೆಲ್ಲ ಕೂಗಾಡಿದ್ದು ಯಾಕೆ ಗೊತ್ತಾ? ಆ ಗ್ರೂಪಿನಲ್ಲೇ ನಮ್ಮ ಬಳಗದ ಒಬ್ಬ ಹುಡುಗಿ ಇದ್ದಾಳೆ. ಬಸುರಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಅಣ್ಣಾ, ಮಾತ್ರೆ ಇವತ್ತಿಂದಲೇ ನಿಲ್ಲಿಸಿಬಿಡ್ಲಾ?’ ಅಂದಳು. ನಾನು ಈ ಮಾತ್ರೆ ಬರೆಯುವ ಡಾಕ್ಟರಲ್ಲ. ‘ಇವತ್ತು ತಗೋ, ಬೆಳಿಗ್ಗೆ ನಿನ್ನ ಡಾಕ್ಟರ್ ಹತ್ತಿರ ಹೋಗು’ ಅಂದೆ. ಹೋಗಿ ಬಂದಳು. ಮಾತ್ರೆ ಮುಂದುವರಿದಿದೆ, ಹುಡುಗಿ ಆರಾಮಾಗಿದ್ದಾಳೆ. ಚಿಕ್ಕಪ್ಪ ಮಾತ್ರ ಆ ಫಾರ್ವರ್ಡನ್ನು ಇನ್ನೂ ಡಿಲೀಟ್ ಮಾಡಿಲ್ಲ.