ಜಮಖಾನ ಎಸೆಯುವ ಮೊದಲು

ಎಲ್ಲರಿಗೂ ನಮಸ್ಕಾರ. ಮನೆಯೊಳಗಿನ ರಸಾಯನಶಾಸ್ತ್ರದ ಬಗ್ಗೆ ಮಾತನಾಡಬೇಕೆಂದು ಗ್ರಂಥಾಲಯದವರು ಕರೆದಿದ್ದರು. ಅಡುಗೆಮನೆ, ಬಚ್ಚಲು, ಬಾವಿಕಟ್ಟೆ ಎಂದು ಟಿಪ್ಪಣಿ ಬರೆದುಕೊಂಡೇ ಬಂದೆ. ಆದರೆ ಮೆಟ್ಟಿಲು ಹತ್ತುವಾಗ ಜಗಲಿಯ ಮೂಲೆಯಲ್ಲಿ ನಮ್ಮ ದೊಡ್ಡ ಜಮಖಾನ ಸುರುಳಿಯಾಗಿ ಬಿದ್ದಿರುವುದು ಕಂಡಿತು. ಕೇಳಿದರೆ, ‘ಮಳೆಗಾಲದಲ್ಲಿ ಮುಗ್ಗಿ ಹೋಗಿದೆ, ಸೆಂಟು ಹಾಕಿದರೂ ವಾಸನೆ ಹೋಗಲಿಲ್ಲ, ನಾಳೆ ಎಸೆಯುತ್ತೇವೆ’ ಎಂದರು. ಆ ಜಮಖಾನದ ಮೇಲೆ ಕುಳಿತು ಬೆಳಗಿನವರೆಗೆ ತಾಳಮದ್ದಳೆ ಕೇಳಿದವರು ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದೀರಿ. ಟಿಪ್ಪಣಿಯನ್ನು ಮಡಚಿ ಜೇಬಿಗೆ ಹಾಕಿದೆ. ಇಂದು ನನ್ನ ಮಾತೆಲ್ಲ ನೆಲಕ್ಕೆ ಹಾಸುವ ಬಟ್ಟೆ ಮತ್ತು ಕುಳಿತುಕೊಳ್ಳುವ ಬಟ್ಟೆಗಳ ಬಗ್ಗೆ.

ಕಲೆಯಾಗಲಿ, ವಾಸನೆಯಾಗಲಿ, ಅದು ನೂಲಿನ ನಡುವೆ ಹೊಕ್ಕು ಕುಳಿತ ಒಂದು ವಸ್ತು. ಅದನ್ನು ಹೊರಗೆ ತೆಗೆಯಬೇಕು. ನಾವು ಮಾಡುವುದೇನು? ಸುರಿಯುತ್ತೇವೆ. ನೀರು ಸುರಿಯುತ್ತೇವೆ, ಸಾಬೂನು ಸುರಿಯುತ್ತೇವೆ, ಫಿನಾಯಿಲು ಸುರಿಯುತ್ತೇವೆ, ಕೊನೆಗೆ ಗಲ್ಫಿನಿಂದ ಬಂದ ಅತ್ತರನ್ನೂ ಸುರಿಯುತ್ತೇವೆ. ತೆಗೆಯಬೇಕಾದಲ್ಲಿ ಸೇರಿಸುವ ಈ ಅಭ್ಯಾಸದಿಂದ ಹಾಳಾದ ಸೋಫಾಗಳೇ ಹೆಚ್ಚು. ಕಲೆಯಿಂದ ಹಾಳಾದವು ಕಡಿಮೆ.

ಮುಳ್ಳೇರಿಯದ ಕಡೆ ನನ್ನ ಅಕ್ಕನ ಮನೆ. ಮಗಳ ನಿಶ್ಚಿತಾರ್ಥಕ್ಕೆಂದು ಕೆನೆಬಣ್ಣದ ಹೊಸ ಸೋಫಾ ತರಿಸಿದ್ದರು. ಅಂದು ಬೆಳಿಗ್ಗೆ, ಗಂಡಿನ ಕಡೆಯವರು ಪುತ್ತೂರಿನಿಂದ ಹೊರಟಾಗಿದೆ ಎಂದು ಫೋನು ಬಂದ ಹೊತ್ತಿಗೆ, ಆರು ವರ್ಷದ ಹುಡುಗನೊಬ್ಬ ಅಡುಗೆಯ ಚಪ್ಪರದಿಂದ ಒಂದು ಬಟ್ಟಲು ಸೌತೆಕಾಯಿ ಮಜ್ಜಿಗೆಹುಳಿ ಹಿಡಿದುಕೊಂಡು ಓಡಿ ಬಂದ. ಬಂದವನು ನೇರವಾಗಿ ಸೋಫಾದ ಮೇಲೆ ಬಿದ್ದ. ಅಕ್ಕ ಬಟ್ಟೆ ಒಗೆಯುವ ಸಾಬೂನು ತಂದು ಉಜ್ಜಿದಳು. ಉಜ್ಜಿದ ಹಾಗೆ ಹಳದಿ ಕಲೆ ಕೆಂಪಾಯಿತು. ಸಾಧಾರಣ ಕೆಂಪಲ್ಲ, ರಕ್ತ ಚೆಲ್ಲಿದ ಹಾಗೆ. ಇನ್ನಷ್ಟು ಸಾಬೂನು ಹಾಕಿದಳು, ಇನ್ನಷ್ಟು ಕೆಂಪಾಯಿತು. ಶುಭದ ದಿನ ಇದೇನು ಅಪಶಕುನ ಎಂದು ಯಾರೋ ಹಿರಿಯರು ಅಂದರು. ಅಕ್ಕ ಅಲ್ಲೇ ಕುಳಿತು ಅತ್ತಳು.

ಅಡುಗೆಯ ಭಟ್ಟರು ಸೌಟು ಹಿಡಿದುಕೊಂಡೇ ಒಳಗೆ ಬಂದರು. ಬಗ್ಗಿ ನೋಡಿ ಕೇಳಿದರು: ‘ಇದು ಆರತಿ ನೀರಲ್ಲವೇ ಅಕ್ಕ? ಶುಭದ ದಿನ ಆರತಿ ನೀರು ಚೆಲ್ಲಿದರೆ ಅಳುವುದು ಯಾಕೆ?’

ನೀವೆಲ್ಲ ನಗುತ್ತಿದ್ದೀರಿ, ಏಕೆಂದರೆ ನಿಮಗೆ ಗೊತ್ತಾಯಿತು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪು, ಆಮ್ಲ ತಾಗಿದರೆ ಹಳದಿ. ಸಾಬೂನು ಕ್ಷಾರ. ಸುಣ್ಣ ಮಾಡುವ ಕೆಲಸವನ್ನೇ ಅದೂ ಮಾಡಿತು. ಅರಿಸಿನ ಬಳಿದ ಕಾಗದದಿಂದ ನಾನು ತರಗತಿಯಲ್ಲಿ ವರ್ಷವರ್ಷವೂ ತೋರಿಸುತ್ತಿದ್ದ ಪಾಠ ಅದೇ. ಭಟ್ಟರು ಅರ್ಧ ಲಿಂಬೆ ಹಿಂಡಿದರು, ಕೆಂಪು ಹೋಗಿ ಹಳದಿ ಬಂತು. ಆಮೇಲೆ ಒಣ ಬೈರಾಸನ್ನು, ಅಂದರೆ ಮೈ ಒರೆಸುವ ಬಟ್ಟೆಯನ್ನು, ನಾಲ್ಕು ಮಡಿಕೆ ಮಾಡಿ ಕಲೆಯ ಮೇಲಿಟ್ಟು ಅಂಗೈಯಿಂದ ಒತ್ತಿದರು. ಉಜ್ಜಲಿಲ್ಲ, ಒತ್ತಿದರು. ತೆಗೆದು, ಬೈರಾಸಿನ ಒಣಗಿದ ಮಗ್ಗುಲನ್ನು ತಿರುಗಿಸಿ ಮತ್ತೆ ಒತ್ತಿದರು. ಬೈರಾಸಿಗೆ ಹಳದಿ ಹತ್ತುತ್ತಾ ಹೋಯಿತು. ಕೊನೆಗೆ ಒಂದು ಹಿಡಿ ಅಕ್ಕಿಹಿಟ್ಟು ಉದುರಿಸಿ, ಒಗ್ಗರಣೆಯ ಎಣ್ಣೆಯನ್ನು ಇದು ಎಳೆಯುತ್ತದೆ ಎಂದು ಹೇಳಿ ಒಲೆಯ ಹತ್ತಿರ ಹೋದರು. ಅಂದಿನ ಮಟ್ಟಿಗೆ ಮೇಲೊಂದು ಜರಿಯ ಶಾಲು ಹಾಸಿದೆವು. ಮರುದಿನದಿಂದ ಆ ದಿಂಬನ್ನು ಅಂಗಳದ ಬಿಸಿಲಿಗಿಟ್ಟರು. ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಮೂರು ಬಿಸಿಲಿಗೆ ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು.

ನಾನು ಈ ಕಥೆಯನ್ನು ಎಲ್ಲ ಕಡೆ ಹೇಳುತ್ತೇನೆ, ಏಕೆಂದರೆ ಭಟ್ಟರು ಮೊದಲು ನೋಡಿದರು, ಆಮೇಲೆ ಕೈ ಹಾಕಿದರು. ಕಲೆ ಯಾವುದರದ್ದು? ಬಟ್ಟೆ ಯಾವುದು? ಈ ಎರಡು ಪ್ರಶ್ನೆ ಕೇಳದೆ ಬಾಟಲಿಯ ಮುಚ್ಚಳ ತೆಗೆಯಬಾರದು. ಹೊಸ ಸೋಫಾಗಳ ದಿಂಬಿನ ಅಡಿಯಲ್ಲಿ ಕೆಲವೊಮ್ಮೆ ಒಂದು ಚೀಟಿ ಹೊಲಿದಿರುತ್ತಾರೆ. ಅದರಲ್ಲಿ ‘ಡಬ್ಲ್ಯು’ ಎಂದಿದ್ದರೆ ನೀರು ತಾಗಿಸಬಹುದು, ‘ಎಸ್’ ಎಂದಿದ್ದರೆ ನೀರು ಬೇಡ, ದ್ರಾವಕ ಮಾತ್ರ, ‘ಎಕ್ಸ್’ ಎಂದಿದ್ದರೆ ಧೂಳು ಹೀರುವುದು ಬಿಟ್ಟು ಬೇರೇನೂ ಬೇಡ. ಚೀಟಿ ಇಲ್ಲದಿದ್ದರೆ ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಈಗ ರತ್ನಗಂಬಳಿಗೆ ಬರುತ್ತೇನೆ. ದುಬೈ, ಶಾರ್ಜಾದಿಂದ ಮಕ್ಕಳು ಹೊತ್ತು ತಂದ ರತ್ನಗಂಬಳಿ ಕಾಸರಗೋಡಿನಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ? ಮಳೆ ಅಪರೂಪವಾದ ಊರಿನ ಅಂಗಡಿಯಿಂದ ಬಂದ ಅದು ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ ನಾಲ್ಕು ತಿಂಗಳು ಒಣಗದೆ ಮಲಗಿರುತ್ತದೆ. ಮಗುವೋ ಬೆಕ್ಕೋ ಅದರ ಮೇಲೆ ಮೂತ್ರ ಮಾಡಿದರೆ ಮನೆಯವರು ಒರೆಸಿ ಫಿನಾಯಿಲು ಹಾಕುತ್ತಾರೆ. ಬೇಸಿಗೆಯಲ್ಲಿ ವಾಸನೆ ಇರುವುದಿಲ್ಲ. ಜೂನ್ ಬಂತೆಂದರೆ ಅದೇ ಜಾಗದಿಂದ ಮತ್ತೆ ಏಳುತ್ತದೆ. ಮೂತ್ರದ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನೂಲಿನ ಬುಡದಲ್ಲಿ ಉಳಿದು, ಗಾಳಿಯ ತೇವ ತಾಗಿದಾಗ ಮತ್ತೆ ನಾರುತ್ತವೆ. ಫಿನಾಯಿಲು ಅದನ್ನು ತೆಗೆಯುವುದಿಲ್ಲ, ಮೇಲೊಂದು ವಾಸನೆಯನ್ನು ಸೇರಿಸುತ್ತದೆ. ಬೆಕ್ಕು ಸಾಕಿದವರು ಇನ್ನೊಂದು ಮಾತು ನೆನಪಿಡಿ: ಫಿನಾಲ್ ಇರುವ ದ್ರವಗಳು ಬೆಕ್ಕಿಗೆ ವಿಷ.

ಹಸಿಯಿದ್ದಾಗಲೇ ಒಣ ಬಟ್ಟೆಯಿಂದ ಒತ್ತಿ, ಬೇಕಿದ್ದರೆ ಮೇಲೆ ನಿಂತು ಒತ್ತಿ, ಬಟ್ಟೆ ಒದ್ದೆಯಾಗುವುದು ನಿಲ್ಲುವವರೆಗೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ತೇವ ಮಾಡಿ, ಮತ್ತೆ ಒತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಗುಡಿಸಿ ಅಥವಾ ಯಂತ್ರದಿಂದ ಹೀರಿಸಿ. ಹಳೆಯ ಕಲೆಗೆ ಕಿಣ್ವ, ಅಂದರೆ ಎನ್ಜೈಮ್, ಇರುವ ದ್ರವ ಬೇಕು. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕಿಣ್ವಕ್ಕೆ ಸಮಯ ಬೇಕು, ಗಂಟೆಗಟ್ಟಲೆ ತೇವವಾಗಿರಲಿ. ಉಣ್ಣೆಯ ಗಂಬಳಿಗೆ ಮಾತ್ರ ಅದನ್ನು ಹಾಕುವ ಮೊದಲು ಬಾಟಲಿ ಓದಿ. ಉಣ್ಣೆಯೂ ಪ್ರೋಟೀನ್, ಪ್ರೋಟೀನ್ ತಿನ್ನುವ ಕಿಣ್ವ ಗಂಬಳಿಯನ್ನೂ ತಿನ್ನುತ್ತದೆ.

ಸೋಡಾದ ಮಾತು ಬಂತು. ದಯವಿಟ್ಟು ವಿನೆಗರ್ ಮತ್ತು ಸೋಡಾವನ್ನು ಒಟ್ಟಿಗೆ ಬೆರೆಸಿ ಹಾಕಬೇಡಿ. ಮೊಬೈಲಿನಲ್ಲಿ ದಿನಕ್ಕೊಂದು ವಿಡಿಯೊ ಬರುತ್ತದೆ, ನೊರೆ ಉಕ್ಕುತ್ತದೆ, ನೋಡಲು ಚೆಂದ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪಿನ ನೀರು. ಎರಡು ಒಳ್ಳೆಯ ಕೆಲಸಗಾರರನ್ನು ಕುಸ್ತಿಗೆ ಬಿಟ್ಟ ಹಾಗೆ. ಇಲ್ಲಿಯೂ ಅದೇ ತಪ್ಪು, ಸುರಿಯುವುದು.

ಇನ್ನೊಂದನ್ನು ನಾನು ಗಟ್ಟಿಯಾಗಿ ಹೇಳಬೇಕು. ಬ್ಲೀಚಿಗೆ ಕಕ್ಕಸು ತೊಳೆಯುವ ಆಮ್ಲವನ್ನಾಗಲಿ, ವಿನೆಗರನ್ನಾಗಲಿ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಮೂತ್ರದ ಮೇಲೆ ಬ್ಲೀಚ್ ಸುರಿದರೆ ಅದರ ಅಮೋನಿಯಾದೊಂದಿಗೆ ಕ್ಲೋರಮೀನ್ ಆಗುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಈ ಬಾಟಲಿಗಳ ಮೇಲೆ ಎಚ್ಚರಿಕೆ ಕನ್ನಡದಲ್ಲಿರುವುದು ಅಪರೂಪ. ಮನೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಅಮ್ಮ, ಅತ್ತೆ ಇದ್ದರೆ ಒಂದು ಚೀಟಿಯಲ್ಲಿ ‘ಬೇರೆ ಯಾವುದರೊಂದಿಗೂ ಬೆರೆಸಬೇಡಿ’ ಎಂದು ಕನ್ನಡದಲ್ಲಿ ಬರೆದು ಬಾಟಲಿಗೆ ಅಂಟಿಸಿ. ಇಂದೇ ಮಾಡಿ. ರಬ್ಬರ್ ಹಾಲಿಗೆ ಹಾಕುವ ಫಾರ್ಮಿಕ್ ಆಮ್ಲವನ್ನು ವಿನೆಗರಿನ ಬದಲು ಬಳಸಬಹುದೇ ಎಂದು ಒಬ್ಬರು ಕೇಳಿದ್ದರು. ಖಂಡಿತ ಬೇಡ, ಅದು ಚರ್ಮ ಸುಡುತ್ತದೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ರಕ್ತ, ಹಾಲು, ಮೊಟ್ಟೆ: ತಣ್ಣೀರು ಮಾತ್ರ, ಬಿಸಿನೀರು ಅದನ್ನು ಬೇಯಿಸಿ ನೂಲಿಗೆ ಕಟ್ಟಿಹಾಕುತ್ತದೆ. ಹಲಸಿನ ಮೇಣ: ಕೈಗೆ ಹಚ್ಚುವ ತೆಂಗಿನೆಣ್ಣೆಯೇ, ಆಮೇಲೆ ಆ ಎಣ್ಣೆಗೆ ಅಕ್ಕಿಹಿಟ್ಟು. ಮೀನಿನ ವಾಸನೆ ಕ್ಷಾರದ್ದು, ಅದಕ್ಕೆ ಲಿಂಬೆ. ಕಬ್ಬಿಣದ ಕುರ್ಚಿಯ ಕಾಲಿನ ತುಕ್ಕು ಹತ್ತಿದ್ದರೆ ಹಿತ್ತಿಲ ಬಿಂಬುಳಿ ಎಂಬ ಹುಳಿಕಾಯಿಯ ರಸ, ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಆಮೇಲೆ ಚೆನ್ನಾಗಿ ನೀರಿನಲ್ಲಿ ಒರೆಸಿ. ಎಲೆಯಡಿಕೆಯ ಕೆಂಪಿಗೂ ಮೊದಲು ಲಿಂಬೆ, ಏಕೆಂದರೆ ಅಲ್ಲಿಯೂ ಸುಣ್ಣ ಇದೆ. ಉಳಿದ ಕಂದು ಬಣ್ಣಕ್ಕೆ, ಬಟ್ಟೆ ಬಿಳಿಯ ಹತ್ತಿಯದ್ದಾದರೆ, ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯಲ್ಲಿ ಶೇಕಡಾ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿ. ಗೇರುಹಣ್ಣಿನ ರಸದ ಕಲೆ ಒಣಗಿದ ಮೇಲೆ ನನ್ನಿಂದ ಒಮ್ಮೆಯೂ ಪೂರ್ತಿ ಹೋಗಿಲ್ಲ, ಬಿದ್ದ ಕೂಡಲೇ ಒತ್ತಿ ತೆಗೆಯುವುದೊಂದೇ ದಾರಿ.

ಇನ್ನು ನಮ್ಮ ಜಮಖಾನ. ಅದರ ವಾಸನೆ ಬೂಷ್ಟಿನದ್ದು. ಒದ್ದೆಯಾದ ಹತ್ತಿ ಒಂದೆರಡು ದಿನ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಸುರುಳಿ ಸುತ್ತಿ ಕಪಾಟಿನಲ್ಲಿ ತುರುಕಿದರೆ ಇನ್ನೂ ಬೇಗ. ಮೊದಲು ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೊಡವಿ, ಬ್ರಷ್ಷಿನಿಂದ ಎರಡೂ ಮಗ್ಗುಲು ತಿಕ್ಕಿ. ಆಮೇಲೆ ಅಂಟುವಾಳದ ನೀರಿನಲ್ಲೋ ಸ್ವಲ್ಪವೇ ಸ್ವಲ್ಪ ಸಾಬೂನಿನಲ್ಲೋ ತೊಳೆದು, ಸಾಬೂನು ಉಳಿಯದ ಹಾಗೆ ಜಾಲಾಡಿ. ಉಳಿದ ಸಾಬೂನು ಅಂಟಿಕೊಂಡು ಹೊಸ ಧೂಳನ್ನು ಕರೆಯುತ್ತದೆ. ಕೊನೆಯದು ಮತ್ತು ದೊಡ್ಡದು ಒಣಗಿಸುವುದು. ಕೆನ್ನೆಗೆ ಹಿಡಿದರೆ ತಂಪು ತಾಗುವಷ್ಟು ದಿನ ಒಣಗಿಲ್ಲ ಎಂದೇ ಅರ್ಥ. ನಾನು ಬಂದ ಕೂಡಲೇ ಒಂದು ಮೂಲೆಯನ್ನು ಎಳೆದು ನೋಡಿದೆ, ನೂಲು ಹರಿಯಲಿಲ್ಲ. ಬೂಷ್ಟು ನೂಲನ್ನು ಇನ್ನೂ ತಿಂದಿಲ್ಲ.

ತುಲಾಮಾಸದ ಗುಡುಗು ಕೇಳುತ್ತಿದೆ, ಇನ್ನು ಅರ್ಧ ಗಂಟೆಯಲ್ಲಿ ಮಳೆ ಬರಬಹುದು. ಎದುರು ಮನೆಯ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಚಪ್ಪರ ಮೊದಲ ಕೊಯ್ಲಿನವರೆಗೆ ಖಾಲಿ ಇದೆ. ಆ ಮನೆಯವರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ, ಆಗಬಹುದು ಎಂದು ತಲೆಯಾಡಿಸಿದರು. ಒದ್ದೆಯಾದ ಜಮಖಾನ ಭಾರ ಇರುತ್ತದೆ, ನಾಲ್ಕು ಮಂದಿ ಬೇಕು. ಹಿಂದಿನ ಬೆಂಚಿನವರು ಬನ್ನಿ, ಮಳೆ ಬರುವ ಮೊದಲು ಅದನ್ನು ಎತ್ತಿ ದಾಟಿಸಿಬಿಡೋಣ.