‘ವೆಲ್ಷ್’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ವೇಲ್ಸ್ ಇದೆ. ಅಲ್ಲಿನ ಜನರಿಗೂ ಅವರ ಭಾಷೆಗೂ ಇಂಗ್ಲಿಷಿನಲ್ಲಿ ವೆಲ್ಷ್ ಅನ್ನುತ್ತಾರೆ. ಅದು ಕೆಲ್ಟಿಕ್ ಭಾಷೆ, ಅಂದರೆ ಯುರೋಪಿನ ಪ್ರಾಚೀನ ಕೆಲ್ಟ್ ಜನರ ಭಾಷಾಬಳಗಕ್ಕೆ ಸೇರಿದ್ದು. ಇಂಗ್ಲಿಷ್ ಆಡುವವರು ದ್ವೀಪಕ್ಕೆ ಕಾಲಿಡುವ ಮೊದಲೇ ಅಲ್ಲಿದ್ದ ಬ್ರಿಟನ್ನರ ಮಾತಿನಿಂದ ಬೆಳೆದದ್ದು. ಆದರೆ ವೆಲ್ಷ್ ಎಂಬ ಪದಕ್ಕೆ ಹಳೆಯ ಅರ್ಥ ‘ಹೊರಗಿನವರು’. ಆಮೇಲೆ ಬಂದವರು ಮೊದಲಿನಿಂದ ಇದ್ದವರಿಗೆ ಇಟ್ಟ ಹೆಸರು ಇದು. ತಮಾಷೆಯಾಗಿದೆ ಅಲ್ವಾ?

ಕಥೆ ಶುರುವಾಗುವುದು ಬ್ರಿಟನ್ನಿನಲ್ಲಿ ಅಲ್ಲ, ಯುರೋಪಿನ ಮಧ್ಯದಲ್ಲಿ. ವೋಲ್ಕೇ ಅಂತ ಒಂದು ಕೆಲ್ಟಿಕ್ ಬುಡಕಟ್ಟು ಇತ್ತು. ಅವರಲ್ಲಿ ಒಂದು ಪಂಗಡ ರೈನ್ ನದಿಯ ಆಚೆ, ಹರ್ಸೀನಿಯನ್ ಕಾಡಿನ ಸುತ್ತ ಒಳ್ಳೆಯ ನೆಲ ಹಿಡಿದು ನೆಲೆಸಿದೆ ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ಜರ್ಮನರು, ಇಂಗ್ಲಿಷರು ಮುಂತಾದವರ ಪೂರ್ವಜರಾದ ಜರ್ಮಾನಿಕ್ ಜನರಿಗೆ ಇವರೇ ನೆರೆಯವರು. ಈ ಒಂದು ಬುಡಕಟ್ಟಿನ ಹೆಸರನ್ನೇ ಅವರು ಎಲ್ಲ ಕೆಲ್ಟರಿಗೂ ಹಚ್ಚಿದರು ಅಂತ ಹೆಚ್ಚಿನ ಭಾಷಾತಜ್ಞರು ಒಪ್ಪುತ್ತಾರೆ. ಅವರ ಬಾಯಲ್ಲಿ ‘ಒ’ ಹೋಗಿ ‘ಅ’ ಆಯಿತು, ‘ಕ’ ಹೋಗಿ ‘ಹ’ ಆಯಿತು. ವೋಲ್ಕ ಅನ್ನುವುದು ವಲ್ಹ ಆಯಿತು. ಅಯೋನಿಯಾದ ಗ್ರೀಕರ ಹೆಸರು ನಮ್ಮಲ್ಲಿ ‘ಯವನ’ ಆಗಿ, ಕೊನೆಗೆ ಪಶ್ಚಿಮದಿಂದ ಬಂದ ಯಾರಿಗೆ ಬೇಕಾದರೂ ಅಂಟಿಕೊಂಡಿತಲ್ಲ, ಅದೇ ಥರ.

ಮುಂದೆ ರೋಮನ್ನರು ಕೆಲ್ಟರ ನಾಡುಗಳನ್ನು ಗೆದ್ದರು. ಅಲ್ಲಿನ ಜನ ನಿಧಾನಕ್ಕೆ ಲ್ಯಾಟಿನ್ ಆಡತೊಡಗಿದರು. ಭಾಷೆ ಬದಲಾದರೂ ನೆರೆಯವರು ಕರೆಯುವ ಹೆಸರು ಬದಲಾಗಲಿಲ್ಲ. ಬೆಲ್ಜಿಯಂನಲ್ಲಿ ಫ್ರೆಂಚ್ ಮಾತಾಡುವ ವಲೂನರ ಹೆಸರು ಇದೇ ಪದ. ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕರು ತಮ್ಮ ಫ್ರೆಂಚ್ ಭಾಷಿಕರನ್ನು ಇವತ್ತಿಗೂ ‘ವೆಲ್ಷ್’ ಅನ್ನುತ್ತಾರೆ. ಪೂರ್ವ ಯುರೋಪಿನ ಸ್ಲಾವ್ ಭಾಷೆಗಳು ಪದವನ್ನು ಎರವಲು ತಗೊಂಡವು. ರೊಮೇನಿಯಾದ ವಲ್ಲಾಕಿಯಾ, ಬಾಲ್ಕನ್ ಪ್ರದೇಶದ ವ್ಲಾಖ್ ಜನ, ಎಲ್ಲ ಅದರದೇ ಮರಿಗಳು. ಪೋಲಿಷ್ ಭಾಷೆಯಲ್ಲಿ ಇಟಲಿಗೆ ‘ವ್ವೋಹಿ’ ಅಂತಾರೆ. ಹಂಗೇರಿಯನ್ನರಿಗೆ ಇಟಲಿಯವನು ‘ಒಲಾಸ್’. ಅದೂ ಇದೇ ಬಳ್ಳಿ!

ಇಲ್ಲೊಂದು ಮಾತು ಸೇರಿಸಬೇಕು. ವಲ್ಹ ಅಂದರೆ ಸುಮ್ನೆ ‘ಪರದೇಶಿ’ ಅಂದುಬಿಟ್ಟರೆ ಸಾಲದು. ಪೂರ್ವದಲ್ಲಿದ್ದ ಸ್ಲಾವರೂ ಜರ್ಮನರಿಗೆ ಪರದೇಶಿಗಳೇ, ಆದರೆ ಅವರಿಗೆ ‘ವೆಂಡ್’ ಅಂತ ಬೇರೆ ಹೆಸರಿತ್ತು. ವಲ್ಹ ಅಂದರೆ ಕೆಲ್ಟಿಕ್ ಅಥವಾ ಲ್ಯಾಟಿನ್ ಆಡುವ ಪರದೇಶಿ.

5ನೇ ಶತಮಾನದಲ್ಲಿ ಜರ್ಮಾನಿಕ್ ಜನರಾದ ಆಂಗ್ಲೋ-ಸ್ಯಾಕ್ಸನ್ನರು ಈ ಪದವನ್ನೂ ಕಟ್ಟಿಕೊಂಡು ಬ್ರಿಟನ್ನಿಗೆ ಬಂದರು. ಹಳೆ ಇಂಗ್ಲಿಷಿನಲ್ಲಿ ಒಬ್ಬನಾದರೆ ವೆಆಲ್ಹ್, ಹಲವರಾದರೆ ವೆಆಲಾಸ್. ಈ ಬಹುವಚನವೇ ವೇಲ್ಸ್ ಎಂಬ ದೇಶದ ಹೆಸರಾಯಿತು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಎಂಬ ಹೆಸರಿನ ಬಾಲವೂ ಅದೇ. 7ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ರಾಜ ಐನಿ ಕಾನೂನು ಬರೆಸಿದ. ಅದರಲ್ಲಿ ಯಾರನ್ನಾದರೂ ಕೊಂದರೆ ಕೊಡಬೇಕಾದ ಪರಿಹಾರದ ಲೆಕ್ಕವಿದೆ. ಸಾಮಾನ್ಯ ಇಂಗ್ಲಿಷ್ ರೈತನ ಜೀವಕ್ಕೆ 200 ಶಿಲ್ಲಿಂಗ್. ಒಂದು ಕುಟುಂಬ ಬದುಕುವಷ್ಟು ಜಮೀನಿದ್ದ ವೆಲ್ಷನಿಗೆ 120. ಜಮೀನೇ ಇಲ್ಲದವನಿಗೆ 60. ಆಮೇಲಾಮೇಲೆ ಆ ಪದಕ್ಕೆ ‘ಜೀತದವನು’ ಎಂಬ ಅರ್ಥವೂ ಬಂತು. ನನಗೆ ಕೇಳಿದರೆ ನಿಘಂಟಿಗಿಂತ ಈ ಪರಿಹಾರದ ಪಟ್ಟಿಯೇ ಪದದ ಬೆಲೆ ಸರಿಯಾಗಿ ಹೇಳುತ್ತದೆ.

ಹಾಗಾದರೆ ಆ ಜನ ತಮ್ಮನ್ನು ತಾವು ಏನಂತ ಕರೆದುಕೊಂಡರು? ‘ಕಮ್ರಿ’ ಅಂತ. ಹಳೆಯ ರೂಪ ಕೊಂಬ್ರೊಗಿ. ‘ಕೊಂ’ ಅಂದರೆ ಜೊತೆ, ‘ಬ್ರೊಗ್’ ಅಂದರೆ ನಾಡು. ಒಂದೇ ನಾಡಿನವರು ಅಂತ ಅರ್ಥ. ಉತ್ತರ ಇಂಗ್ಲೆಂಡಿನ ಕಂಬ್ರಿಯಾದಲ್ಲೂ ಇದೇ ಹೆಸರು ಉಳಿದಿದೆ, ಅಲ್ಲೂ ಒಂದು ಕಾಲಕ್ಕೆ ಇದೇ ಮಾತು ಇತ್ತು. ಇನ್ನು ಇಂಗ್ಲಿಷರನ್ನು ವೇಲ್ಸಿನವರು ಕರೆಯುವುದು ‘ಸೈಸನ್’ ಅಂತ, ಅಂದರೆ ಸ್ಯಾಕ್ಸನ್ನರು. ಆಂಗ್ಲರು ಯಾರು, ಸ್ಯಾಕ್ಸನ್ನರು ಯಾರು ಅಂತ ಇವರೂ ತಲೆ ಕೆಡಿಸಿಕೊಳ್ಳಲಿಲ್ಲ. ವೇಲ್ಸಿನ ಫುಟ್ಬಾಲ್ ಸಂಸ್ಥೆ ಈಗ ತನ್ನ ತಂಡವನ್ನು ಹೆಚ್ಚಾಗಿ ಕಮ್ರಿ ಅಂತಲೇ ಕರೆಯುತ್ತಿದೆ.

ಅಕ್ರೋಟಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷಿನ ವಾಲ್‌ನಟ್ ಅನ್ನುವುದರಲ್ಲಿ ‘ವಾಲ್’ ಅಂದರೆ ಗೋಡೆ ಅಲ್ಲ, ನಮ್ಮ ವಲ್ಹನೇ. ಗಾಲ್ (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ಮತ್ತು ಇಟಲಿ ಕಡೆಯಿಂದ ಬಂದ ಬೀಜ ಅಂತ. ವೆಲ್ಷ್ ಭಾಷೆಯಲ್ಲಿ ಅದಕ್ಕೆ ‘ಕ್ನೈ ಫ್ರೆಂಗಿಗ್’, ಅಂದರೆ ಫ್ರೆಂಚ್ ಬೀಜ! ಐರಿಷಿನಲ್ಲಿ ‘ಗಾಲ್‌ಖ್ನೋ’. ಇಲ್ಲಿ ‘ಗಾಲ್’ ಅಂದರೆ ಹೊರಗಿನವನು.

ಈ ಐರಿಷ್ ‘ಗಾಲ್’ ಮೊದಲು ಗಾಲ್ ದೇಶದವನ ಹೆಸರು. ಆಮೇಲೆ ವೈಕಿಂಗರಿಗೆ ಹೋಯಿತು, ಅವರಾದ ಮೇಲೆ ಫ್ರಾನ್ಸ್ ಮೂಲದ ನಾರ್ಮನ್ನರಿಗೆ, ಇಂಗ್ಲಿಷರಿಗೆ. ಡನಗಾಲ್ ಅಂತ ಐರ್ಲೆಂಡಿನಲ್ಲಿ ಒಂದು ಜಿಲ್ಲೆ ಇದೆ. ‘ಹೊರಗಿನವರ ಕೋಟೆ’ ಅಂತ ಅದರ ಅರ್ಥ. ಅಂದರೆ ಕೆಲ್ಟರೇ ಆದ ಐರಿಷರೂ ಇನ್ನೊಂದು ಕೆಲ್ಟಿಕ್ ಜನರ ಹೆಸರನ್ನೇ ಹಿಡಿದು ಪರದೇಶಿಗೆ ಪದ ಮಾಡಿಕೊಂಡರು. 12ನೇ ಶತಮಾನದಲ್ಲಿ ನಾರ್ಮನ್ನರ ಜೊತೆ ವೇಲ್ಸಿನಿಂದ ಐರ್ಲೆಂಡಿಗೆ ಹೋದ ಜನರೂ ಇದ್ದರು. ಅಂಥವರನ್ನು ಅಲ್ಲಿನವರು ‘ಬ್ರೆಹ್‌ನಖ್’, ಬ್ರಿಟನ್ನಿನವರು, ಅಂದರು. ಇಂಗ್ಲಿಷಿನಲ್ಲಿ ಬರೆಯುವಾಗ ಅದೇ ವಾಲ್ಷ್ ಆಯಿತು. ಇವತ್ತು ಐರ್ಲೆಂಡಿನಲ್ಲಿ ಅತಿ ಹೆಚ್ಚು ಕಾಣುವ ಮನೆತನದ ಹೆಸರುಗಳಲ್ಲಿ ಅದೂ ಒಂದು.

ಪ್ರಶ್ನೆಗಳಿದ್ದರೆ ಕೇಳಿ.