ತೆಳು ಗಾಳಿ, ನೀಲಿ ಉರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಜ್ಜಿ ಸೌದೆ ಒಲೆ ಉರಿಸುವುದನ್ನು ಹತ್ತಿರ ಕೂತು ನೋಡಿದವರಿಗೆ, ನಾನು ಇವತ್ತು ಹೇಳಹೊರಟದ್ದರಲ್ಲಿ ಅರ್ಧ ಆಗಲೇ ಗೊತ್ತಿದೆ. ಒಲೆ ಹೊಗೆಯಾಡಿದರೆ ಅಜ್ಜಿ ಇನ್ನೊಂದು ಸೌದೆ ತುರುಕುತ್ತಿರಲಿಲ್ಲ. ಒಂದು ಕೊಳ್ಳಿಯನ್ನು ಹೊರಗೆಳೆದು, ಊದುಗೊಳವೆ ಹಿಡಿದು ಊದುತ್ತಿದ್ದರು.

ನಾನು ಕೆಲಸ ಮಾಡುವುದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ. ಗೋದಾಮು, ಅಂಗಡಿ, ಗ್ಯಾರೇಜು, ಶಾಲೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ದೊಡ್ಡ ಗ್ಯಾಸ್ ಹೀಟರುಗಳ ಸರ್ವಿಸ್ ನನ್ನ ಕಸುಬು. ರಾಜಧಾನಿ ಡೆನ್ವರ್ ಇರುವುದು ಸಮುದ್ರಮಟ್ಟದಿಂದ 1,609 ಮೀಟರ್ ಮೇಲೆ. ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರ, ಮುಳ್ಳಯ್ಯನಗಿರಿಯ ತುದಿಗಿಂತ ತಗ್ಗು. ಇಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸುವುದು ಬಲು ಕಷ್ಟ. ಇನ್ನೂ ಮೇಲಿನ ಲೆಡ್‌ವಿಲ್‌ನಂಥ ಬೆಟ್ಟದೂರುಗಳು 3,000 ಮೀಟರ್ ದಾಟುತ್ತವೆ.

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅಂಥದೊಂದು ಬೆಟ್ಟದೂರಿನ ಗೋದಾಮಿಗೆ ಹೋಗಿದ್ದೆ. ಹೀಟರ್ ಹೊತ್ತುತ್ತದೆ, ಆದರೆ ಕಾವು ಸಾಲದು ಎಂದು ದೂರು. ಮುಚ್ಚಳ ತೆಗೆದು ನೋಡಿದರೆ ಉರಿ ಮೆತ್ತಗೆ ತೂಗಾಡುತ್ತಿತ್ತು, ತುದಿಯಲ್ಲಿ ಹಳದಿ. ಗ್ಯಾಸ್ ಕಮ್ಮಿಯಾಗಿದೆ ಎಂದುಕೊಂಡು ವಾಲ್ವಿನ ತಿರುಪು ತಿರುಗಿಸಿ ಪ್ರೆಶರ್ ಏರಿಸಿದೆ. ಉರಿ ಎತ್ತರಕ್ಕೆ ಎದ್ದಿತು, ನನಗೆ ಸಮಾಧಾನವಾಯಿತು. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಏನೂ ಮಾತಾಡದೆ ಹೊಗೆಕೊಳವೆಗೆ, ಹೊಗೆಯಲ್ಲಿ ಏನೇನಿದೆ ಎಂದು ಅಳೆಯುವ ಅನಲೈಸರಿನ ಕಡ್ಡಿ ತೂರಿಸಿದರು. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಇಂಥ ಹೀಟರುಗಳಲ್ಲಿ ಇರುವ ಮಿತಿ, ಬೆರೆತ ಹೆಚ್ಚುವರಿ ಗಾಳಿಯನ್ನು ಕಳೆದು ಲೆಕ್ಕ ಹಾಕಿದಾಗ, ಹತ್ತು ಲಕ್ಷಕ್ಕೆ 400 ಭಾಗ. ಅಲ್ಲಿ ಕಂಡದ್ದು ಅದರ ಎಷ್ಟೋ ಪಟ್ಟು. ಅವರು ಮೊದಲು ಮಾಡಿದ್ದು ಗ್ಯಾಸ್ ಬಂದ್ ಮಾಡಿದ ಕೆಲಸ.

ಬಿಚ್ಚಿ ನೋಡಿದರೆ ಕಾರ್ಖಾನೆಯಿಂದ ಬಂದ ಜೆಟ್ಟುಗಳೇ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಲ್ಲೆಗಳೇ, ಇನ್ನೂ ಕೂತಿದ್ದವು, ಸಮುದ್ರಮಟ್ಟದ ಲೆಕ್ಕದವು. ಶಾಖ ದಾಟಿಸುವ ಕೊಳವೆಗಳ ಒಳಗೆ ಗೋಡೆಯಂತೆ ಮಸಿ. ಮಸಿ ಶಾಖವನ್ನು ತಡೆಯುತ್ತದೆ. ಗೋದಾಮಿಗೆ ಕಾವು ಸಾಲದಿದ್ದದ್ದು ಅದಕ್ಕೇ, ಗ್ಯಾಸ್ ಹೆಚ್ಚಾಗಿದ್ದರಿಂದಲೇ. ನಾನು ಇನ್ನಷ್ಟು ಗ್ಯಾಸ್ ಕೊಟ್ಟು ಇನ್ನಷ್ಟು ಮಸಿಗೆ ದಾರಿ ಮಾಡಿದ್ದೆ.

ಇದರ ಒಳಗುಟ್ಟು ತಿಳಿದ ದಿನ ನನಗೆ ಬೆರಗಾಯಿತು. ಒಂದು ಘನ ಅಡಿ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು, ಪ್ರೊಪೇನಿಗೆ ಸುಮಾರು 24. ಡೆನ್ವರಿನಲ್ಲಿ ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ಶೇಕಡ 17ರಷ್ಟು ಕಡಿಮೆ. ಹೀಟರಿನ ಫ್ಯಾನು ಸುತ್ತಿದ ಸುತ್ತಿಗೆ ಅಷ್ಟೇ ಗಾತ್ರದ ಗಾಳಿ ಎಳೆಯುತ್ತದೆ, ಆದರೆ ಆ ಗಾಳಿಯ ತೂಕ, ಅದರೊಳಗಿನ ಆಮ್ಲಜನಕ, ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತದೆ. ಗ್ಯಾಸ್ ಹಾಗಲ್ಲ. ಅದು ಸಣ್ಣ ತೂತಿನ ಮೂಲಕ ಒತ್ತಡದಲ್ಲಿ ನುಗ್ಗುವುದರಿಂದ ತೆಳುವಾದಷ್ಟೂ ವೇಗ ಹೆಚ್ಚಿಸಿಕೊಳ್ಳುತ್ತದೆ, ತೂಕದಲ್ಲಿ ಶೇಕಡ 9ರಷ್ಟು ಮಾತ್ರ ಇಳಿಯುತ್ತದೆ. ಗಾಳಿ 17 ಇಳಿಯಿತು, ಗ್ಯಾಸ್ 9 ಇಳಿಯಿತು. ಆ ಅಂತರದಲ್ಲೇ ಹಳದಿ ಉರಿ, ಮಸಿ, ಬಣ್ಣ ವಾಸನೆ ಎರಡೂ ಇಲ್ಲದ ವಿಷ ಎಲ್ಲವೂ ಹುಟ್ಟುವುದು.

ಹಾಗಾಗಿ ಕೊಳ್ಳಿ ಹೊರಗೆಳೆಯಲೇಬೇಕು. ಅಮೆರಿಕದ ಗ್ಯಾಸ್ ನಿಯಮಾವಳಿಯ ಹಳೆಯ ಲೆಕ್ಕ ಹೀಗಿದೆ: 2,000 ಅಡಿ ದಾಟಿದ ಊರುಗಳಲ್ಲಿ, ಸಮುದ್ರಮಟ್ಟದಿಂದ ಎಣಿಸಿ ಪ್ರತಿ 1,000 ಅಡಿಗೆ ಶೇಕಡ 4ರಷ್ಟು ಇಂಧನ ಕಡಿಮೆ ಮಾಡಬೇಕು. ಹೀಟರ್ ತಯಾರಿಸಿದವರು ತಮ್ಮದೇ ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಕೊನೆ ಮಾತು. ಹತ್ತು ಸಾವಿರ ಅಡಿಯ ಊರಿನಲ್ಲಿ ಎರಡು ಲಕ್ಷ ಬಿಟಿಯು (ಗಂಟೆಗೆ ಉರಿಸುವ ಶಾಖದ ಅಳತೆ) ಹೀಟರ್ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಇಳಿಯುತ್ತದೆ. ಎರಡಕ್ಕೆ ದುಡ್ಡು ಕೊಟ್ಟು ಒಂದು ಚಿಲ್ಲರೆ ಯಾಕೆ ತಗೊಳ್ಳಲಿ ಎಂದು ಮಾಲೀಕರು ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಊರಿನ ಎತ್ತರ ನೋಡಿ ದೊಡ್ಡ ಹೀಟರ್ ಆರಿಸಿಕೊಡಬೇಕಾದದ್ದು ಮಾರುವಾಗಲೇ. ಆಗ ತಪ್ಪಿದ್ದನ್ನು ನಾವು ತಿರುಪು ತಿರುಗಿಸಿ ಸರಿಮಾಡಲು ಹೋಗಬಾರದು.

ಕೆಲಸದ ಕ್ರಮದ ಬಗ್ಗೆ ಎರಡು ಮಾತು. ಮೊದಲು ಗ್ಯಾಸ್, ಕರೆಂಟ್ ಎರಡೂ ಬಂದ್. ಬರ್ನರ್ ಬಿಚ್ಚಿ ಬ್ರಷ್ಷಿನಿಂದ ಶುಚಿ ಮಾಡಬೇಕು. ಬೇಸಿಗೆಯಲ್ಲಿ ಜೇಡ ಅದರ ಬಾಯೊಳಗೆ ಬಲೆ ಕಟ್ಟಿರುತ್ತದೆ, ಅಷ್ಟು ಸಾಕು ಗಾಳಿ ತಡೆಯಲು. ಜೆಟ್ಟಿನ ತೂತಿಗೆ ಪಿನ್ನು, ತಂತಿ ಹಾಕಲೇಬೇಡಿ, ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ಕೆಡುತ್ತದೆ. ಜೆಟ್ಟುಗಳ ನಂಬರ್ ಹೆಚ್ಚಾದಷ್ಟೂ ತೂತು ಸಣ್ಣದು, 42ಕ್ಕಿಂತ 44 ಸಣ್ಣದು. ಹೊಸ ಹುಡುಗರು ಇಲ್ಲಿ ಎಡವುತ್ತಾರೆ. ಶಾಖದ ಕೊಳವೆಗಳಲ್ಲಿ ಬಿರುಕು ಇದೆಯೇ ನೋಡಿ, ಇದ್ದರೆ ಆ ಹೀಟರ್ ಹೊತ್ತಿಸಬೇಡಿ. ಜೆಟ್ ಬದಲಿಸಿದ ಮೇಲೆ ಒತ್ತಡ ಅಳೆಯುವ ಮ್ಯಾನೊಮೀಟರ್ ಹಾಕಿ ಪ್ರೆಶರ್ ಇಡಬೇಕು, ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ನೀರಿನ ಕಂಬದ 3.5 ಇಂಚು, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಎತ್ತುವಷ್ಟು ಒತ್ತಡ. ಆಮೇಲೆ ಕಟ್ಟಡದ ಉಳಿದ ಗ್ಯಾಸ್ ಉಪಕರಣಗಳನ್ನೆಲ್ಲ ನಿಲ್ಲಿಸಿ ಗ್ಯಾಸ್ ಮೀಟರಿನ ಮುಂದೆ ಗಡಿಯಾರ ಹಿಡಿದು ನಿಲ್ಲಿ. ಒಂದು ಸುತ್ತಿಗೆ 2 ಘನ ಅಡಿ ತೋರಿಸುವ ಮುಳ್ಳು 36 ಸೆಕೆಂಡಿಗೆ ಒಂದು ಸುತ್ತು ಬಂದರೆ ಗಂಟೆಗೆ 200 ಘನ ಅಡಿ. ಒಂದು ಘನ ಅಡಿಯಲ್ಲಿ ಎಷ್ಟು ಶಾಖವಿದೆ ಎಂದು ಗ್ಯಾಸ್ ಕಂಪನಿಯನ್ನೇ ಕೇಳಿ ಗುಣಿಸಿ, ಹೀಟರ್ ನಿಜಕ್ಕೂ ಎಷ್ಟು ಬಿಟಿಯು ಉರಿಸುತ್ತಿದೆ ಎಂದು ತಿಳಿಯುತ್ತದೆ. ಕೊನೆಗೆ ಅನಲೈಸರ್. ಉರಿ ನೀಲಿಯಾಗಿ ಕಂಡರೂ ಅಳೆಯದೆ ಹೊರಡಬೇಡಿ.

ಇನ್ನೊಂದಿದೆ. ಎತ್ತರದಲ್ಲಿ ಫ್ಯಾನಿನ ಎಳೆತವೂ ಸೋಲುವುದರಿಂದ ಪ್ರೆಶರ್ ಸ್ವಿಚ್ಚು ಹೀಟರನ್ನು ಪದೇ ಪದೇ ನಿಲ್ಲಿಸುತ್ತದೆ. ಕೆಲವರು ತುಂಡು ತಂತಿ ಹಾಕಿ ಸ್ವಿಚ್ಚನ್ನೇ ದಾಟಿಸಿಬಿಡುತ್ತಾರೆ. ಹೊಗೆ ಹೊರಗೆ ಹೋಗುತ್ತಿದೆಯೇ ಎಂದು ಕಾಯುವ ಕಾವಲು ಅದು. ಎತ್ತರದ ಊರುಗಳಿಗೆಂದೇ ಬೇರೆ ಸ್ವಿಚ್ಚುಗಳು ಬರುತ್ತವೆ, ತರಿಸಿ ಹಾಕಿ. 2008ರಲ್ಲಿ ಇದೇ ರಾಜ್ಯದ ಆಸ್ಪೆನ್‌ನ ಮನೆಯೊಂದರಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ತಂದೆ, ತಾಯಿ, ಇಬ್ಬರು ಮಕ್ಕಳು ತೀರಿಕೊಂಡರು. ಮರುವರ್ಷವೇ ಮಲಗುವ ಕೋಣೆಗಳ ಹತ್ತಿರ ಈ ವಿಷಾನಿಲದ ಸುಳಿವು ಕೊಡುವ ಅಲಾರಂ ಇರಬೇಕೆಂದು ಕಾನೂನು ಬಂತು. ಪ್ರತಿ ಹೊಗೆಕೊಳವೆಯ ಸಂದನ್ನು ಕೈಯಿಂದ ಮುಟ್ಟಿ ನೋಡುವಾಗ ನನಗೆ ಆ ಮನೆ ನೆನಪಾಗುತ್ತದೆ.

ಬೆಂಗಳೂರು 3,000 ಅಡಿಯ ಮೇಲಿದೆ, ಮೈಸೂರು 2,500 ಅಡಿ, ಮಡಿಕೇರಿ ಇನ್ನೂ ಮೇಲೆ. ಅಲ್ಲಿ ಬೇಕರಿ, ಲಾಂಡ್ರಿ, ಹೋಟೆಲಿನ ಬರ್ನರ್ ನೋಡಿಕೊಳ್ಳುವ ಅಣ್ಣತಮ್ಮಂದಿರೇ, ಮಂಗಳೂರಿನಲ್ಲಿ ಸರಿಯಾಗಿ ಉರಿದ ಬರ್ನರ್ ಮಡಿಕೇರಿಗೆ ಬಂದು ಮಸಿ ಕಾರಿದರೆ ಮೊದಲು ಜೆಟ್ ನೋಡಿ. ಮನೆಯವರೇ, ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಬೇಡಿ.

ಆ ಗೋದಾಮಿನ ಹೀಟರಿಗೆ ಅವತ್ತು ಸಂಜೆ ಸಣ್ಣ ಜೆಟ್ಟುಗಳನ್ನು ಹಾಕಿದೆವು. ಮಸಿ ತೆಗೆಯಲು ಮೂರು ತಾಸು ಹಿಡಿಯಿತು. ಹೊರಡುವ ಮುಂಚೆ ಹಿರಿಯರು ನನ್ನ ಕೈಗೆ ಒಂದು ಚೀಟಿ ಕೊಟ್ಟು ಬರೆಸಿದರು: ಊರಿನ ಎತ್ತರ, ಜೆಟ್ ನಂಬರ್, ಪ್ರೆಶರ್, ಹೊಸ ಬಿಟಿಯು, ತಾರೀಕು. ಅದನ್ನು ಬಾಗಿಲಿನ ಒಳಮೈಗೆ, ಮುಂದಿನವನು ತೆರೆದ ಕೂಡಲೇ ಕಾಣುವ ಹಾಗೆ ಅಂಟಿಸಿದೆ. ನಮಸ್ಕಾರ.